ಬಿಳಿಚನಿಗೆ ತೆರೆದ ಬಾಗಿಲು

"ಒಳಗೆ ಬಾ," ಎಂದ ಕ್ಷೌರಿಕ. ಮದುವೆಯಾದಂದಿನಿಂದ ಗಂಟಲಲ್ಲೇ ತಡೆದಿಟ್ಟುಕೊಂಡಿದ್ದ ಮಾತು ಅದು.

ಹೊಸ್ತಿಲಾಚೆ ನಿಂತವನು ತಕ್ಷಣ ಕಾಲಿಡಲಿಲ್ಲ. ಹೊತ್ತು ಮುಳುಗಿದ ಮೇಲೆ ಆಗೊಮ್ಮೆ ಈಗೊಮ್ಮೆ ಅವನು ಹೀಗೆ ಸಲೂನಿನ ಎದುರು ಬಂದು ನಿಂತು ಹೋಗುವುದಿತ್ತು. ರಕ್ತ ಕುಡಿದು ಬದುಕುವ ಪಿಶಾಚಿ. ಮುಪ್ಪಿಲ್ಲ, ಸಾವಿಲ್ಲ, ಆದರೆ ಮನೆಯ ಯಜಮಾನ ಬಾಯಿಬಿಟ್ಟು ಕರೆಯದೆ ಒಳಗೆ ಬರುವ ಹಾಗಿಲ್ಲ. ಒಮ್ಮೆ ಕರೆದರೋ, ಮತ್ತೆಂದೂ ತಡೆಯುವ ಹಾಗಿಲ್ಲ. ಒಂದು ಕಾಲಕ್ಕೆ ಇಬ್ಬರೂ ಒಬ್ಬಳನ್ನೇ ಬಯಸಿದ್ದರು. ಅವಳು ಕತ್ತರಿ ಹಿಡಿದವನನ್ನು ಆರಿಸಿಕೊಂಡಳು. ಗೆದ್ದ ಮೇಲೂ ಹೊಟ್ಟೆಕಿಚ್ಚು ಆರದೆ ಕ್ಷೌರಿಕ ಸೋತವನಿಗೆ 'ಬಿಳಿಚ' ಅಂತ ಹೆಸರಿಟ್ಟ. ಈಗ ಕ್ಷೌರಿಕನ ತಲೆ ನರೆತಿತ್ತು, ಹೊಟ್ಟೆ ಮುಂದೆ ಬಂದಿತ್ತು. ಬಿಳಿಚನಿಗೆ ಮಾತ್ರ ಇನ್ನೂ ಮೀಸೆ ಚಿಗುರುವ ವಯಸ್ಸು.

"ಇವತ್ಯಾಕೆ ಕರೀತಿದ್ದೀಯ?"

"ಡಾಕ್ಟ್ರು ಕೈಚೆಲ್ಲಿದ್ರು. ಮನೇಲೇ ಇಟ್ಕೊಳ್ಳಿ ಅಂದ್ರು." ಕ್ಷೌರಿಕ ಹೆಗಲ ಮೇಲಿನ ಟವೆಲ್ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. "ಅವಳನ್ನ ನಿನ್ನ ಹಾಗೆ ಮಾಡ್ಬಿಡು. ಬೇಕಾದ್ರೆ ಜೊತೇಲೇ ಕರ್ಕೊಂಡು ಹೋಗು. ಎಲ್ಲೋ ಒಂದ್ಕಡೆ ಇದ್ದಾಳೆ ಅಂತ ಗೊತ್ತಿದ್ರೆ ಸಾಕು ನಂಗೆ."

ಬಿಳಿಚ ಒಳಗೆ ಬಂದ. ಇಬ್ಬರೂ ಉದ್ದನೆಯ ಕನ್ನಡಿಯ ಮುಂದೆ ಹಾದುಹೋದರು. ಕನ್ನಡಿಯಲ್ಲಿ ಖಾಲಿ ಕುರ್ಚಿ, ಸಾಲು ಬಾಚಣಿಗೆ, ಕ್ಷೌರಿಕನೊಬ್ಬನೇ; ಪಿಶಾಚಿಗೆ ಬಿಂಬವಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ದಿಂಬಿಗೆ ಒರಗಿ ಮಲಗಿದ್ದಳು. ಔಷಧಿಗೆ ಕೂದಲು ಉದುರತೊಡಗಿದಾಗ ಗಂಡನೇ ಕೂರಿಸಿಕೊಂಡು ಪೂರ್ತಿ ತೆಗೆದಿದ್ದ, ಕನ್ನಡಿಗೆ ಬೆನ್ನು ಮಾಡಿಸಿ. ಬಿಳಿಚನ ಕಣ್ಣು ತನ್ನ ತಲೆಯ ಮೇಲೆ ನಿಂತದ್ದನ್ನು ಕಂಡು ಅವಳೇ ಮೊದಲು ಮಾತಾಡಿದಳು. "ಇವರದೇ ಕೈಕೆಲಸ. ಹೆಂಡ್ತಿ ಅಂತ ಸ್ವಲ್ಪನಾದ್ರೂ ಉಳಿಸಿದ್ದಾರಾ ನೋಡು."

ಆಮೇಲೆ ಗಂಡನ ಮುಖ ನೋಡಿದಳು. ಯಾರೂ ಹೇಳದೆ ಅವಳಿಗೆ ಎಲ್ಲ ತಿಳಿಯಿತು. "ನೀವೇ ಕರೆದ್ರಾ? ಎಷ್ಟು ಕಷ್ಟ ಆಯ್ತೋ ಏನೋ ನಿಮಗೆ."

ಬಿಳಿಚ ಮಂಚದ ಪಕ್ಕ ಮೊಣಕಾಲೂರಿದ. ನೋವಾಗುವುದಿಲ್ಲ, ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುತ್ತದೆ, ಕಾಯಿಲೆಯೂ ಅದರ ಜೊತೆಗೇ ಹೋಗುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದ.

"ನೀನು ಅವತ್ತೂ ಹೀಗೇ ಹೇಳಿದ್ದೆ," ಎಂದಳು. "ಅವತ್ತು ನಾನ್ಯಾಕೆ ಬೇಡ ಅಂದೆ ಗೊತ್ತಾ? ಇವರ ಜೊತೆ ಮುದುಕಿ ಆಗ್ಬೇಕು ಅಂತಿತ್ತು. ಅರ್ಧ ಆದೆ. ಇಷ್ಟಕ್ಕೇ ಸಾಕು ಮಾಡ್ತೀನಿ, ಬಿಡು."

ಕ್ಷೌರಿಕ ಏನೋ ಹೇಳಹೋದ. ಅವಳು ಅವನ ಬಲಗೈ ಹಿಡಿದುಕೊಂಡಳು. ಬಿಳಿಚ ಎದ್ದ. ಅವಳ ಮಾತು ಮೀರುವುದು ಅವನಿಗೆ ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿರಲಿಲ್ಲ. ಕೋಣೆಯ ಬಾಗಿಲವರೆಗೆ ಹೋಗಿ ಒಮ್ಮೆ ತಿರುಗಿ ನೋಡಿ ಅಂಗಡಿಯ ಕಡೆ ನಡೆದ.

ಅವಳ ಕಣ್ಣು ಮುಚ್ಚಿತು. ಉಸಿರು ನಿಧಾನವಾಯಿತು, ಬೆರಳುಗಳ ಹಿಡಿತ ಮಾತ್ರ ಬಿಗಿಯಾಯಿತು.

ಆಗಲೇ ಅಂಗಡಿಯಲ್ಲಿ ಅವರ ಒಬ್ಬಳೇ ಮಗಳ ದನಿ ಕೇಳಿಸಿತು. ಕಾಲೇಜಿನಿಂದ ಈಗಷ್ಟೇ ಬಂದಿದ್ದಾಳೆ. ಗಿರಾಕಿ ಎಂದುಕೊಂಡು ಉಪಚರಿಸುತ್ತಿದ್ದಾಳೆ. "ಕೂತ್ಕೊಳ್ಳಿ, ಅಪ್ಪ ಈಗ ಬರ್ತಾರೆ."

ಕ್ಷೌರಿಕ ಕೈ ಬಿಡಿಸಿಕೊಳ್ಳಲಾರದೆ ಕೂತಲ್ಲಿಂದಲೇ ಕತ್ತು ಹೊರಳಿಸಿದ. ತೆರೆದ ಬಾಗಿಲಿನಾಚೆ ಕನ್ನಡಿ ಕಾಣುತ್ತಿತ್ತು. ಅದರಲ್ಲಿ ಅವನ ಮಗಳು, ಥೇಟ್ ಅವಳಮ್ಮನ ಹಾಗೆ ಕೂದಲನ್ನು ಕಿವಿಯ ಹಿಂದೆ ಸರಿಸಿಕೊಳ್ಳುತ್ತ, ಎಷ್ಟೋ ದಿನಗಳ ಮೇಲೆ ನಗುತ್ತಿದ್ದಳು, ಖಾಲಿ ಕುರ್ಚಿಯ ಕಡೆ ನೋಡಿ.