ಕೊನೆಗೆ ಉಳಿದ ಮಾತು

ನುಂಗಿಕೊಂಡ ಮಾತು ಶ್ವಾಸಕೋಶದಲ್ಲಿ ಗಂಟು ಕಟ್ಟುವುದು ಗದಗಿನವರಿಗೆ ನೆಗಡಿಯಷ್ಟೇ ಮಾಮೂಲು. ಹಾಗಾಗಿ ಸ್ಕ್ಯಾನ್ ನೋಡಿದ ಡಾಕ್ಟರು ಚಂಪಾವತಿಗೂ ಎಲ್ಲರಿಗೆ ಹೇಳುವುದನ್ನೇ ಹೇಳಿದ್ದರು: “ಎಂಟು ಮಿಲಿಮೀಟರ್ ಗಂಟು ಐತ್ರಿ ಬಾಯಾರ. ಮಾತಿನ ಗಂಟಾದ್ರ ಆಡಿದ ಮ್ಯಾಲ ಕರಗತೈತಿ. ಎಲ್ಲಾ ಆಡಿ ಮುಗಿಸಿದ ಮ್ಯಾಲೂ ಉಳೀತಂದ್ರ ಅದು ಬ್ಯಾರೇನೋ. ಆವಾಗ ಸೂಜಿ ಹಾಕಿ ಚೂರು ತಗದು ಪರೀಕ್ಷಾ ಮಾಡಿ ನೋಡೂಣು.”

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಊರವರ ಮಾತು ಜೋಡಿಸಿ ನಿವೃತ್ತಳಾದ ಒಂಟಿ ಹೆಂಗಸು ಆಕೆ. ಮೂರು ತಿಂಗಳಲ್ಲಿ ತನ್ನ ಮಾತುಗಳನ್ನೆಲ್ಲ ಹುಡುಕಿ ಹುಡುಕಿ ಆಡಿದಳು. ಹೋಳಿಗೆಯ ಡಬ್ಬಿ ವಾಪಸು ಕೊಡದ ಪಕ್ಕದ ಮನೆಯವಳನ್ನು ಬೈದಳು. ತೀರಿಹೋದ ಗಂಡನ ಫೋಟೋದ ಮುಂದೆ ಕೂತು ಅರ್ಧ ದಿನ ಜಗಳಾಡಿದಳು. ಎರಡನೇ ಸ್ಕ್ಯಾನಿನಲ್ಲೂ ಗಂಟು ಎಂಟೇ ಮಿಲಿಮೀಟರ್ ಇತ್ತು.

ಇನ್ನು ಉಳಿದದ್ದು ಒಂದೇ. ಹನ್ನೊಂದು ವರ್ಷದಿಂದ ಮಾತು ಬಿಟ್ಟಿದ್ದ ತಂಗಿ ಕಸ್ತೂರಿಗೆ, ತಪ್ಪು ತನ್ನದೇ ಎಂದು ಹೇಳುವುದು.

ಫೋನ್ ಹಚ್ಚಿದಳು. ಆ ಕಡೆ ಎತ್ತಿದ ಕಸ್ತೂರಿ ಇವಳ ಉಸಿರಿನ ಸದ್ದಿಗೇ ಗುರುತು ಹಿಡಿದಳು.

“ಅಕ್ಕಾ? ನೀನ ಹೌದಿಲ್ಲೋ?”

ಮಾತು ತುಟಿಯವರೆಗೆ ಬಂತು. ಇದನ್ನೂ ಆಡಿದ ಮೇಲೆ ಗಂಟು ಕರಗದಿದ್ದರೆ?

“ರಾಂಗ್ ನಂಬರ್ ರೀ,” ಎಂದು ಚಂಪಾವತಿ ಹಳೆಯ ಎಕ್ಸ್‌ಚೇಂಜಿನ ದನಿಯಲ್ಲಿ ಹೇಳಿ ಫೋನ್ ಇಟ್ಟಳು. ಎದೆಯ ಮೇಲೆ ಕೈಯಿಟ್ಟುಕೊಂಡು ಕೂತಳು. ಇದೊಂದು ಮಾತು ಒಳಗಿರುವ ತನಕ ಆ ಗಂಟು ಬರೀ ಮಾತೇ ಇದ್ದೀತು.