ಬಸ್ಸಿನಿಂದ ಇಳಿದ ತಂಡ

ಸುನಂದಾ ಬ್ಯಾಟ್ ಹಿಡಿದು ನಿಂತರೆ ಸಾಕು... ಎದುರಾಳಿ ಫೀಲ್ಡರ್‌ಗಳು ತಾವಾಗಿಯೇ ಹಿಂದೆ ಸರಿಯುತ್ತಿದ್ದರು!

ಉತ್ತರ ಕರ್ನಾಟಕದ ಒಂದು ಜಿಲ್ಲೆಯ ಮಹಿಳಾ ಬೇಸ್‌ಬಾಲ್ ತಂಡದ ಕ್ಯಾಪ್ಟನ್ ಅವಳು. ಹೊಡೆದರೆ ಚೆಂಡು ಮೈದಾನದಾಚೆ... ಎಲ್ಲರ ಬಾಯಲ್ಲೂ 'ಹೋಂರನ್ ಸುನಂದಾ'.

ಆ ವರ್ಷ ತಂಡ ರಾಜ್ಯ ಫೈನಲ್ ತಲುಪಿತು. ಆದರೆ ಸೆಮಿಫೈನಲ್‌ನಲ್ಲಿ ಹೊಸ ಹುಡುಗಿ ರುಬಿನಾ ಒಂದು ಬಾಲನ್ನೂ ಮುಟ್ಟಿರಲಿಲ್ಲ.

"ಫೈನಲ್‌ನ್ಯಾಗ ಆಕಿ ಬ್ಯಾಡ. ಹೊರಗ ಕೂಡಸು," ಎಂದರು ಮ್ಯಾನೇಜರ್.

"ಆಕಿ ಆಡ್ತಾಳ್ರೀ ಸರ. ಬ್ಯಾಡಂದ್ರ ನನ್ನೂ ಹೊರಗ ಕೂಡಸ್ರಿ."

ಮ್ಯಾನೇಜರ್ ಹಲ್ಲು ಕಡಿಯುತ್ತಲೇ ಪಟ್ಟಿಯಲ್ಲಿ ರುಬಿನಾ ಹೆಸರು ಬರೆದರು.

ಫೈನಲ್‌ನ ಕೊನೆಯ ಸರದಿ... ಒಂದೇ ರನ್ ಹಿಂದೆ. ಸುನಂದಾ ಬ್ಯಾಟಿಂಗ್‌ಗೆ ಬಂದಳು.

ಹೆದರಿದ ಎದುರಾಳಿಗಳು ಅವಳ ಬ್ಯಾಟಿಗೆ ಎಟುಕದ ಹಾಗೆ ಬೇಕಂತಲೇ ಬಾಲ್ ದೂರ ಎಸೆದರು. ರನ್ ಆಗಲು ಓಡಿ ಮುಟ್ಟಬೇಕಾದ ನಾಲ್ಕು ಬೇಸ್‌ಗಳಲ್ಲಿ ಮೊದಲನೆಯದು ನಿಯಮದಂತೆ ಪುಕ್ಕಟೆ ಸಿಕ್ಕಿತು. ಹೊಡೆಯುವ ಅವಕಾಶ ಮಾತ್ರ ಹೋಯಿತು!

ಮುಂದಿನವಳು ರುಬಿನಾ... ಅವಳು ಔಟಾದರೆ ಆಟವೇ ಮುಗಿಯಿತು. ಅವಳು ಮ್ಯಾನೇಜರ್ ಕಡೆಗೇ ತಿರುಗಿ ತಿರುಗಿ ನೋಡುತ್ತಿದ್ದಳು.

"ಯಾರ ಮುಖಾನೂ ನೋಡಬ್ಯಾಡ ರುಬಿನಾ! ಬಾಲ್ ನೋಡು!" ಬೇಸ್‌ನಲ್ಲಿ ನಿಂತೇ ಸುನಂದಾ ಕೂಗಿದಳು.

ರುಬಿನಾ ಬೀಸಿದಳು... ಚೆಂಡು ಫೀಲ್ಡರ್‌ಗಳ ನಡುವೆ ನುಗ್ಗಿತು!

ಸುನಂದಾ ಹಳೆಯ ಗಾಯದಿಂದ ನೋಯುತ್ತಿದ್ದ ಮೊಣಕಾಲಲ್ಲೇ ಓಡಿದಳು. ಕೊನೆಯ ಬೇಸ್ ಆದ ಹೋಂ ಪ್ಲೇಟ್ ಇನ್ನೇನು ಮುಟ್ಟಬೇಕು... ಅಷ್ಟರಲ್ಲಿ ಚೆಂಡು ಅಲ್ಲಿಗೆ ಬಂದಿತ್ತು. ಔಟ್! ತಂಡ ಸೋತಿತು.

"ನೋಡಿದಿ? ಆಕೀನ ಆಡಿಸಿ ಏನ್ ಸಿಕ್ತು?" ಮ್ಯಾನೇಜರ್ ಎಲ್ಲರೆದುರು ಕೂಗಾಡಿದರು.

"ಆಕಿ ಹೊಡದಳ್ರೀ ಸರ. ಓಡಿ ಮುಟ್ಟಲಾರದಾಕಿ ನಾನು. ಬೈಯೂದಿದ್ರ ನನಗ ಬೈರಿ."

ಮುಂದಿನ ವರ್ಷ ಸುನಂದಾಳನ್ನೇ ತಂಡದಿಂದ ಕೈಬಿಟ್ಟರು. ಕಾರಣ... ಎದುರು ಮಾತಾಡುತ್ತಾಳೆ!

ಆದರೂ ಹುಡುಗಿಯರು ಟೂರ್ನಿಗೆ ಹೊರಟ ದಿನ ಬೀಳ್ಕೊಡಲು ಬಂದಳು. ಎಲ್ಲರೂ ಆಗಲೇ ಬಸ್ಸು ಹತ್ತಿದ್ದರು.

ಅವಳನ್ನು ಕಂಡದ್ದೇ ರುಬಿನಾ ಕೆಳಗಿಳಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ... ಇಡೀ ತಂಡ!

"ಹುಚ್ಚ ಹಿಡದೈತೇನ ನಿಮಗ? ಹತ್ರಿ ಎಲ್ಲಾರೂ! ನಿಮ್ಮ ಆಟ ಹಾಳ ಮಾಡ್ಕೋಬ್ಯಾಡ್ರಿ!" ಸುನಂದಾ ಗದರಿದಳು.

"ನೀವಿಲ್ಲದ ಟೀಮು ನಮಗ ಬ್ಯಾಡ್ರೀ ಅಕ್ಕಾರ," ಎಂದ ರುಬಿನಾ, ಮ್ಯಾನೇಜರ್ ಕಡೆ ತಿರುಗಿದಳು. "ಸರ, ಬಸ್ ಖಾಲಿ ಐತಿ. ನೀವೊಬ್ಬರ ಹೋಗಿ ಆಡಿ ಬರ್ರಿ."

ಡ್ರೈವರ್ ಇಂಜಿನ್ ಆಫ್ ಮಾಡಿದ.

ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತಾ ಯಾರಿಗೋ ಫೋನ್ ಮಾಡಿದರು. ಕಡೆಗೆ ತಲೆ ಎತ್ತದೆ ಹೇಳಿದರು... "ಹತ್ತವಾ ಸುನಂದಾ."

ಎಷ್ಟೋ ಸೋಲುಗಳಲ್ಲಿ ಅಳದವಳು, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಬಿಕ್ಕಿ ಬಿಕ್ಕಿ ಅತ್ತಳು...

*ದೂರ ಹೊಡೆಯುವವರು ಸ್ಟಾರ್ ಆಗುತ್ತಾರೆ... ಎಡವಿದವರ ಪಕ್ಕ ನಿಲ್ಲುವವರು ಮಾತ್ರ ನಾಯಕರಾಗುತ್ತಾರೆ.*

ಎಲ್ಲರೂ ಬೆರಳು ತೋರಿಸುವ ಒಬ್ಬರು ನಿಮ್ಮ ನಡುವೆಯೂ ಇದ್ದಾರಲ್ಲ... ಅವರ ಪರವಾಗಿ ನೀವು ಎಂದಾದರೂ ಬಾಯಿ ತೆರೆದಿದ್ದೀರಾ?