ನಿಂತ ಪ್ರೊಪೆಲ್ಲರ್

ಶಿಷ್ಯೆಗೆ ಸಂಶಯ ಹುಟ್ಟಿದ್ದು ಮೇಷ್ಟ್ರ ಮನೆಯ ಗೋಡೆಯ ಮೇಲಿದ್ದ ವಿಮಾನದ ಪಟದ ಬಲ ಅಂಚಿನಿಂದ. ಅಲ್ಲಿ ಇನ್ನೊಂದು ವಿಮಾನದ ರೆಕ್ಕೆಯ ತುದಿ ಉಗುರಿನಷ್ಟು ಉಳಿದುಕೊಂಡಿತ್ತು. ಆ ವಿಮಾನವನ್ನು ಯಾರೋ ಬೇಕೆಂದೇ ಕತ್ತರಿಸಿ ಹಾಕಿದ್ದರು. ಮೇಷ್ಟ್ರು ಹಾಗೆ ಕತ್ತರಿಸುವವರಲ್ಲ. 'ಚೌಕಟ್ಟನ್ನು ಕ್ಯಾಮೆರಾದಲ್ಲೇ ಕಟ್ಟು, ಕತ್ತರಿಯನ್ನು ದರ್ಜಿಗೆ ಬಿಡು' ಎಂದು ಅವಳಿಗೆ ಕಲಿಸಿದವರೇ ಅವರು.

ಅವಳು ಬಂದದ್ದು ಆ ಪಟವನ್ನೇ ಕೇಳಲು. ವಿಮಾನಗಳ ಫೋಟೋ ತೆಗೆಯುವವರ ಸಂಘ ಒಂದು ಪ್ರದರ್ಶನ ಇಟ್ಟುಕೊಂಡಿತ್ತು. ಈ ಪಟಕ್ಕೆಂದೇ ಒಂದು ಇಡೀ ಗೋಡೆ ಬಿಟ್ಟಿದ್ದರು. ಮೇಷ್ಟ್ರ ಒಬ್ಬನೇ ಮಗ ಆಕಾಶದಲ್ಲಿ ಕಸರತ್ತು ಮಾಡುವ ತಂಡದ ಪೈಲಟ್ ಆಗಿದ್ದ. ಪಟದಲ್ಲಿರುವುದು ಅವನ ಕೊನೆಯ ಹಾರಾಟ. ವಿಮಾನ ನೆಲಕ್ಕಪ್ಪಳಿಸುವ ಸ್ವಲ್ಪ ಮುಂಚೆ ಅಪ್ಪನೇ ತೆಗೆದದ್ದು. ಮೂತಿಯಲ್ಲಿ ಫ್ಯಾನಿನಂತೆ ತಿರುಗಬೇಕಾದ ಪ್ರೊಪೆಲ್ಲರ್ ಅಲ್ಲಾಡದೆ ನಿಂತಿದೆ.

ಪೈಲಟ್ ಮಿತಿಮೀರಿ ಕೆಳಗೆ ಬಂದ, ತಪ್ಪು ಅವನದೇ ಎಂದು ಬರೆದು ತನಿಖೆಯವರು ಕೈತೊಳೆದುಕೊಂಡಿದ್ದರು. ಆಮೇಲೆ ಈ ಪಟ ಪತ್ರಿಕೆಯಲ್ಲಿ ಬಂತು. ಪ್ರೊಪೆಲ್ಲರ್ ನಿಂತಿದೆ ಅಂದಮೇಲೆ ಎಂಜಿನ್ನೇ ಕೈಕೊಟ್ಟಿದೆ, ಪಾಪ ಹುಡುಗ ಏನು ಮಾಡಿಯಾನು ಎಂದು ಜನ ಮಾತಾಡಿಕೊಂಡರು. ಸಂಘದಲ್ಲಿ ಸ್ವಲ್ಪ ಗುಸುಗುಸು ಇತ್ತು. ಆದರೆ ಮಗನನ್ನು ಕಳೆದುಕೊಂಡವರ ಮುಂದೆ ಯಾರು ತಾನೆ ಬಾಯಿ ಬಿಡುತ್ತಾರೆ?

ಮೇಷ್ಟ್ರ ಹೆಂಡತಿ ಚಹಾ ತಂದಿಟ್ಟರು. ಪಟದ ಗಾಜನ್ನು ಸೆರಗಿನಿಂದ ಒಮ್ಮೆ ಒರೆಸಿ ಕುಳಿತರು. ಒಂದು ಕಾಲದಲ್ಲಿ ಪ್ರತಿ ವಿಮಾನ ಪ್ರದರ್ಶನಕ್ಕೂ ಗಂಡನ ಜೊತೆ ಬರುತ್ತಿದ್ದವರು. ಬೇಲಿಯ ಪಕ್ಕದಲ್ಲಿ ಮೇಷ್ಟ್ರು ಮಡಚುವ ಏಣಿ ಹತ್ತಿ ನಿಲ್ಲುವರು, ಮಗನಿಗೆ ಕಾಣಲೆಂದು ತಲೆಯ ಮೇಲೊಂದು ಕೆಂಪು ಟೋಪಿ. ಇವರು ಏಣಿಯ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂರುವರು. ಮಗ ಹಾರುವಾಗ ಒಂದು ಸಲವೂ ಆಕಾಶ ನೋಡಿದವರಲ್ಲ, ಜೀವ ಬಾಯಿಗೆ ಬರುತ್ತೆ ಎನ್ನುತ್ತಿದ್ದರು. ವಿಮಾನ ನೋಡಲು ಟಿಕೆಟ್ ತೆಗೆದು ಏಣಿ ಕಾಯುತ್ತೀರಲ್ಲಮ್ಮ ಎಂದು ಹುಡುಗರು ರೇಗಿಸುತ್ತಿದ್ದರು. ಆಗ ಎಲ್ಲರಿಗೂ ಒಂದೇ ಹುಚ್ಚು. ಬೇಲಿಯ ಬಳಿ ಕ್ಯಾಮೆರಾ ಹಿಡಿದವರಿಗೆ ವಿಮಾನ ಎಷ್ಟು ಕೆಳಗೆ ಬಂದರೂ ಸಾಲದು.

ಮನೆಯ ಮೇಲೆ ಒಂದು ಸಣ್ಣ ವಿಮಾನ ಹಾದುಹೋಯಿತು. ಅಮ್ಮ ಬೆರಳೆತ್ತಿದರು. ಮುಖ ಬಿಳಿಚಿತು.

"ಕೇಳು... ನಿಂತೇಹೋಯ್ತು."

ಎಂಜಿನ್ ನಿಂತಿರಲಿಲ್ಲ. ಶಿಷ್ಯೆಗೆ ಅದರ ಸದ್ದು ದೂರವಾಗುವವರೆಗೂ ಚೆನ್ನಾಗಿ ಕೇಳಿಸಿತು. ಆದರೆ ಮೇಷ್ಟ್ರು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು. ಹೌದಮ್ಮ, ನಿಂತಿತು ಎಂದಳು. ಈ ಮನೆಯಲ್ಲಿ ಇದು ದಿನದಿನದ ಮಾತು ಎಂಬುದು ಆಗ ತಿಳಿಯಿತು.

ಅಮ್ಮ ಲೋಟಗಳನ್ನೆತ್ತಿಕೊಂಡು ಒಳಗೆ ಹೋದರು. ಮೇಷ್ಟ್ರು ಅವಳನ್ನು ಹಿಂದಿನ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಮೂಲ ನೆಗೆಟಿವ್ ತೆಗೆದು ದೀಪಕ್ಕೆ ಹಿಡಿದರು. ಚೌಕಟ್ಟಿನಲ್ಲಿ ಎರಡು ವಿಮಾನಗಳಿದ್ದವು. ಎರಡರ ಪ್ರೊಪೆಲ್ಲರ್‌ಗಳೂ ನಿಂತಿದ್ದವು. ಆ ಎರಡನೆಯದು ಅವತ್ತು ಸುಖವಾಗಿ ಇಳಿದಿತ್ತು.

ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಕ್ಯಾಮೆರಾದ ಶಟರ್ ವೇಗವಾಗಿದ್ದರೆ ತಿರುಗುವ ಫ್ಯಾನೂ ಪಟದಲ್ಲಿ ನಿಂತಂತೆ ಕಾಣುತ್ತದೆ. ಅದಕ್ಕೇ ಇವರೆಲ್ಲ ಶಟರನ್ನು ನಿಧಾನ ಮಾಡಿ ಪ್ರೊಪೆಲ್ಲರನ್ನು ಮಸುಕಾದ ಚಕ್ರವಾಗಿ ಹಿಡಿಯುವುದು. ಅವತ್ತು ಮೇಷ್ಟ್ರಿಗೆ ಕಾಕ್‌ಪಿಟ್‌ನಲ್ಲಿ ಮಗನ ಮುಖ ಸ್ಪಷ್ಟವಾಗಿ ಬೇಕಿತ್ತು. ಶಟರಿನ ವೇಗ ಏರಿಸಿದ್ದರು.

"ಎಂಜಿನ್ ಚೆನ್ನಾಗೇ ಓಡ್ತಿತ್ತು ಕಣಮ್ಮ," ಎಂದರು. "ಅವಳು ಈ ಪಟ ನೋಡ್ಕೊಂಡೇ ಬದುಕಿದ್ದಾಳೆ. ಇದು ಸುಳ್ಳು ಅಂತ ಗೊತ್ತಾದ ದಿನ ಉಳಿಯಲ್ಲ."

ಪ್ರದರ್ಶನದಲ್ಲಿ ತೂಗುಹಾಕಿದರೆ ಬಲ್ಲವರು ಬರುತ್ತಾರೆ, ಯಾರಾದರೂ ಆಡಿಯೇ ಬಿಡುತ್ತಾರೆ. ಪಟಕ್ಕೆ ಬೂಷ್ಟು ಹಿಡಿದಿದೆ ಎಂದು ಸಂಘಕ್ಕೆ ಹೇಳಿಬಿಡು ಎಂದು ಕೇಳಿಕೊಂಡರು. ಪಟಗಳ ವಿಷಯದಲ್ಲಿ ಕೂದಲೆಳೆಯಷ್ಟು ಸುಳ್ಳನ್ನೂ ಸಹಿಸದಿದ್ದ ಮನುಷ್ಯ ಹೆಂಡತಿಯ ಜೀವಕ್ಕಾಗಿ ಈ ಮಟ್ಟಕ್ಕೆ ಇಳಿದಿದ್ದಾರಲ್ಲ ಎಂದು ಅವಳಿಗೆ ಅನಿಸಿತು. ಸಾಯುವವರೆಗೂ ಬಾಯಿ ಬಿಡುವುದಿಲ್ಲ ಎಂದು ಮಾತು ಕೊಟ್ಟಳು.

ಅವಳನ್ನು ಗೇಟಿನವರೆಗೆ ಬಿಡಲು ಅಮ್ಮನೇ ಬಂದರು. ಪಟ ಕೊಟ್ಟರಾ ಎಂದು ವಿಚಾರಿಸಿದರು. ಇಲ್ಲಮ್ಮ, ಬೂಷ್ಟು ಹಿಡಿದಿದೆಯಂತೆ ಎಂದು ಅವಳು ಚಪ್ಪಲಿಯೊಳಗೆ ಕಾಲು ತುರುಕಿದಳು. ಒಳ್ಳೆಯದೇ ಆಯಿತು ಎಂದರು ಅಮ್ಮ. ಆಮೇಲೆ ಹಿಂತಿರುಗಿ ನೋಡಿ ದನಿ ತಗ್ಗಿಸಿದರು.

"ಪಕ್ಕದ ವಿಮಾನದ್ದೂ ನಿಂತಿದೆ, ಅಲ್ವಾ?"

ಅವಳಿಗೆ ಗೇಟಿನ ಚಿಲಕ ತೆಗೆಯುವುದೇ ಮರೆತುಹೋಯಿತು.

"ಮದುವೆಯಾದಾಗಿಂದ ಕತ್ತಲ ಕೋಣೆಯಲ್ಲಿ ಪಟ ತೊಳೆದವಳು ನಾನು. ಶಟರ್ ಅಂದ್ರೇನು ಅಂತ ನಂಗೆ ಗೊತ್ತಿರಲ್ವಾ? ಪೇಪರ್‌ನೋರಿಗೆ ಪಟ ಕೊಟ್ಟಿದ್ದೂ ನಾನೇ. ಎಂಜಿನ್ ನಿಂತಿತ್ತು ಅಂತ ನಾನು ಹಟ ಹಿಡಿದ ಮೇಲೇ ಇವರು ಒಂದು ತುತ್ತು ಉಂಡಿದ್ದು."

ಹಾಗಾದರೆ ದಿನವೂ ಈ ನಾಟಕ ಯಾಕೆ ಎಂದು ಅವಳು ಕೇಳಿದಳು. ಅಮ್ಮ ಚಿಲಕವನ್ನು ತಾವೇ ತೆಗೆದರು.

"ಮಗ ಹಾರುವಾಗ ನಾನು ಮೇಲೆ ನೋಡ್ತಿರಲಿಲ್ಲ ಕಣೇ, ಇವರನ್ನೇ ನೋಡ್ತಿದ್ದೆ. ಅವತ್ತು ಏಣಿ ಮೇಲೆ ನಿಂತು ಕೈ ಬೀಸ್ತಿದ್ರು ಅವನಿಗೆ, ಇನ್ನೂ ಕೆಳಗೆ ಬಾ, ಇನ್ನೂ ಕೆಳಗೆ ಬಾ ಅಂತ."